ಅತ್ತೆಯ ಕೆಂಪು ಬಟನ್

ನಮ್ಮ ಅತ್ತೆಯ ಗಂಟಲು ಜರಗನಹಳ್ಳಿಗೆಲ್ಲ ಗೊತ್ತಿತ್ತು. ನಮ್ಮದು ಮೂರು ಅಂತಸ್ತಿನ ಕಟ್ಟಡ, ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ಬೆಳಗಾದ ಮೇಲೂ ಮೆಟ್ಟಿಲಿನ ಲೈಟು ಉರಿಯುತ್ತಿದ್ದರೆ ಅತ್ತೆ ಗೇಟಿನ ಹತ್ತಿರ ನಿಂತು, ಕತ್ತು ಮೇಲೆತ್ತಿ, "ಯಾರ್ಗೆ ಉರೀತೈತೆ ಆ ಲೈಟು? ದೆವ್ವಕ್ಕಾ?" ಎಂದು ಕೂಗುತ್ತಿದ್ದರು. ಮೇಲಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಆಚೆ ರಸ್ತೆಯ ಇಸ್ತ್ರಿ ಅಂಗಡಿಯವನೂ ಹೆದರಿ ತನ್ನ ಬಲ್ಬು ಆರಿಸುತ್ತಾನೆ ಎಂದು ನಮ್ಮನೆಯವರು ತಮಾಷೆ ಮಾಡುತ್ತಿದ್ದರು.

ಸ್ವಿಚ್ಚಿನ ವಿಷಯದಲ್ಲಿ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಯಾರೂ ಇಲ್ಲದ ರೂಮಿನಲ್ಲಿ ಫ್ಯಾನು ತಿರುಗಬಾರದು. ಫೋನು ತೆಗೆದ ಮೇಲೆ ಚಾರ್ಜರಿನ ಸ್ವಿಚ್ಚು ಆನ್ ಇರಬಾರದು. ಟಿವಿಯ ಮೂಲೆಯ ಕೆಂಪು ಚುಕ್ಕೆ ಕೂಡ ಉಳಿಯಬಾರದು. ಮದುವೆ ಮನೆಗೆಂದು ಎಲ್ಲರೂ ಕಾರಿನಲ್ಲಿ ಕೂತಾದ ಮೇಲೆ ಇವರು ಇಳಿದು ವಾಪಸ್ಸು ಹೋಗಿ, ಮನೆಯೊಳಗೆ ಒಂದು ಸುತ್ತು ಹಾಕಿ, ಗೋಡೆಗಳನ್ನೆಲ್ಲ ಮುಟ್ಟಿ ಬರುತ್ತಿದ್ದರು. ವೈಫೈ ಡಬ್ಬಿಯನ್ನೂ ಬಿಡುತ್ತಿರಲಿಲ್ಲ. ನಾನು ಮನೆಯಿಂದ ಕೆಲಸ ಮಾಡುವ ದಿನ ಮೀಟಿಂಗಿನ ನಡುವೆ ಎಲ್ಲರ ಮುಖವೂ ಹಾಗೇ ನಿಂತುಬಿಟ್ಟರೆ, ಅತ್ತೆ ಹಾಲ್ ದಾಟಿ ಹೋಗಿದ್ದಾರೆ ಎಂದೇ ಅರ್ಥ. ಇದರ ಮೇಲೆ ನಾವಿಬ್ಬರೂ ಆಡಿದ ಜಗಳಕ್ಕೆ ಲೆಕ್ಕವಿಲ್ಲ. "ಅಮ್ಮಣ್ಣಿ, ಕೆಲ್ಸಕ್ ಬರ್ದಿದ್ದು ಯಾಕುರೀಬೇಕು?" ಎನ್ನುತ್ತಿದ್ದರು. ಅದು ಕೆಲಸ ಮಾಡ್ತಿದೆ ಅತ್ತೆ, ನಿಮಗೆ ಕಾಣಲ್ಲ ಅಷ್ಟೇ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು. ಅವರು ಜಾರಿದ ಲೋಟವನ್ನು ಬೈಯಲು ಬಾಯಿ ತೆರೆದರು, ಬೈಗುಳ ಬರಲಿಲ್ಲ. ಸ್ಟ್ರೋಕ್. ಆಸ್ಪತ್ರೆಯಿಂದ ವಾಪಸ್ಸು ಬರುವಾಗ ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಅವರು ಹೇಳಬೇಕೆಂದದ್ದು ಮಾತ್ರ ನಾಲಿಗೆಗೆ ಬರುವಷ್ಟರಲ್ಲಿ "ತ... ತ..." ಆಗಿಬಿಡುತ್ತಿತ್ತು. ಈ ಬಾಯಿ ಒಂದು ದಿನ ಸುಮ್ಮನಿದ್ದರೆ ಸಾಕಪ್ಪಾ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಅಂದುಕೊಳ್ಳದ ಸೊಸೆ ಇದ್ದರೆ ತೋರಿಸಿ. ಆದರೆ ನಾನು ಕೇಳಿದ್ದು ಇದಲ್ಲ.

ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದೆವು. ರಾಯಚೂರಿನ ಕಡೆಯವಳು, ಉತ್ತರಹಳ್ಳಿಯಲ್ಲಿ ಬಾಡಿಗೆಗಿದ್ದಳು, ಮನಸ್ಸು ಬಹಳ ಒಳ್ಳೆಯದು. ಅತ್ತೆ ತ-ತ ಅಂದರೆ ಸಾಕು, "ನೀರ್ ಬೇಕೇನ್ರಿ ಅಮ್ಮಾರ? ಮಗ್ಗಲಾಗ್ತೀರೇನು? ಫ್ಯಾನ್ ಹಚ್ಚಲೇನ್ರಿ?" ಎಂದು ಒಂದಾದ ಮೇಲೊಂದು ಕೇಳುತ್ತಾ ಹೋಗುತ್ತಿದ್ದಳು. ಅತ್ತೆಗೆ ಬೇಕಾದದ್ದು ಅವಳ ಪ್ರಶ್ನೆಗಳ ಕೊನೆಯಲ್ಲಿರುತ್ತಿತ್ತು, ಅಥವಾ ಇರುತ್ತಲೇ ಇರಲಿಲ್ಲ. ಕೊನೆಗೆ ಎಡಗೈಗೆ ಸಿಕ್ಕ ಲೋಟವನ್ನೋ ಟವೆಲನ್ನೋ ಎಸೆಯುತ್ತಿದ್ದರು. ಸಂಜೆ ನಾನು ಬರುವಷ್ಟರಲ್ಲಿ ಇಬ್ಬರೂ ಅತ್ತು ಮುಗಿಸಿರುತ್ತಿದ್ದರು.

ನನಗೆ ಬರುವ ವಿದ್ಯೆ ಒಂದೇ, ಬಟನ್ನಿನದು. ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಯಾವುದೋ ಕಂಪನಿಯ ಹಳೇ ವೆಬ್‌ಸೈಟು ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಸುತ್ತ ಕೂತ ಹುಡುಗರೆಲ್ಲ ಹೊಸ ಹೊಸ ವಿದ್ಯೆಯವರು. ನನ್ನ ಸ್ಕ್ರೀನ್ ನೋಡಿ, "ಮೇಡಂ, ಇದಿನ್ನೂ ಜೀವಂತ ಇದ್ಯಾ?" ಎಂದು ಕೇಳುತ್ತಾರೆ. ನನ್ನ ವಿದ್ಯೆ ಹೀಗೆ: ಪುಟದ ಮೇಲೆ ಒಂದು ಬಟನ್ ತಂದು ಇಡಬೇಕು. ಅದರ ಮೇಲೆ ಎರಡು ಸಲ ಒತ್ತಿದರೆ ಹಿಂದಿನ ಕೋಡು ತೆರೆದುಕೊಳ್ಳುತ್ತದೆ. ಅಲ್ಲಿ ಎರಡು ಬ್ರಾಕೆಟ್ಟುಗಳಿರುತ್ತವೆ, ನಡುವೆ ಖಾಲಿ. ಆ ಖಾಲಿ ಜಾಗದಲ್ಲಿ ಬರೆದದ್ದು ಬಟನ್ ಒತ್ತಿದವರ ಮುಂದೆ ನಡೆಯುವುದಿಲ್ಲ, ಎಲ್ಲೋ ದೂರದ ಸರ್ವರ್ ಎಂಬ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಪುಟ ಮಾಡುವುದು ಇಷ್ಟೇ, ನನ್ನನ್ನು ಯಾರೋ ಒತ್ತಿದರು ಎಂದು ಸರ್ವರಿಗೆ ಹೋಗಿ ಹೇಳುವುದು. ಸರ್ವರು ಕೆಲಸ ಮುಗಿಸಿ ಪುಟವನ್ನು ವಾಪಸ್ಸು ಕಳಿಸುತ್ತದೆ. ಈ ಹೋಗಿ ಬರುವ ನಡುವೆ ಪರದೆ ಒಂದು ಗಳಿಗೆ ಬೆಳ್ಳಗಾಗುತ್ತದೆ. ಹುಡುಗರಿಗೆ ಅದನ್ನು ಕಂಡರೆ ಆಗುವುದಿಲ್ಲ. ನನಗೆ ಇಷ್ಟ. ಯಾರೋ ಎದ್ದು ಹೋಗಿ, ಒಳಗೆ ಕೇಳಿಕೊಂಡು ಬಂದ ಹಾಗೆ ಇರುತ್ತದೆ.

ನಡುವೆ ಏನೂ ಬರೆಯದೆ ಬಿಟ್ಟರೂ ಬಟನ್ನು ಒತ್ತಲು ಬರುತ್ತದೆ ಎನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಪುಟ ಹೋಗುತ್ತದೆ, ಬರುತ್ತದೆ, ಏನೂ ಆಗಿರುವುದಿಲ್ಲ. ಒತ್ತಿದವರು ತಮ್ಮದೇ ತಪ್ಪಿರಬೇಕು ಎಂದುಕೊಂಡು ಇನ್ನೊಂದು ಸಲ ಒತ್ತುತ್ತಾರೆ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅತ್ತೆಗಾಗಿ ಒಂದು ಪುಟ ಮಾಡಿದೆ. ನಾಲ್ಕೇ ಬಟನ್ನು, ಪರದೆ ತುಂಬುವಷ್ಟು ದೊಡ್ಡವು. ಓದುವುದು ಅವರಿಗೆ ಕಷ್ಟವಾಗಿತ್ತು, ಹಾಗಾಗಿ ಚಿತ್ರ ಹಾಕಿದೆ. ನೀರಿಗೆ ಚೊಂಬು. ಬಾತ್‌ರೂಮಿಗೆ ನಮ್ಮನೆಯದೇ ನೀಲಿ ಬಾಗಿಲಿನ ಫೋಟೋ. ಸುಮ್ಮನೆ ಬಾ ಎನ್ನುವುದಕ್ಕೆ ನನ್ನ ಮುಖ. ನೋವಿಗೆ ಮಾತ್ರ ಚಿತ್ರ ಸಿಗಲಿಲ್ಲ. ಇಂಟರ್ನೆಟ್ಟಿನಲ್ಲಿ ಇದ್ದವೆಲ್ಲ ಮುಖ ಕಿವುಚಿದ ಹಳದಿ ಗೊಂಬೆಗಳು, ಹಾಕಿದ್ದರೆ ಅತ್ತೆ ನನ್ನ ಮೇಲೇ ಎಸೆಯುತ್ತಿದ್ದರು. ಹಾಗೇ ಕೆಂಪು ಬಣ್ಣ ತುಂಬಿಸಿ ಬಿಟ್ಟೆ. ಪುಟವನ್ನು ಮನೆಯಲ್ಲಿದ್ದ ಟ್ಯಾಬಿಗೆ ಹಾಕಿ, ಅವರ ಎಡಗೈಯನ್ನು ಕೆಂಪಿನ ಮೇಲಿಟ್ಟು, ಅವರ ಬಲಭುಜ ಮುಟ್ಟಿ, ನೋವು ಬಂದರೆ ಇದು ಎಂದು ತೋರಿಸಿದೆ. ಎರಡನೇ ಸಲ ಹೇಳಬೇಕಾಗಲಿಲ್ಲ.

ವೈಫೈ ಡಬ್ಬಿಯನ್ನು ಹಾಲಿನಿಂದ ತಂದು ಅವರ ಮಂಚದ ಪಕ್ಕದ ಸ್ವಿಚ್ ಬೋರ್ಡಿಗೆ ಸಿಕ್ಕಿಸಿದೆ. ಟ್ಯಾಬ್ ನಿಲ್ಲಿಸಲು ಏನೂ ಸಿಗದೆ, ತೀರಿಹೋದ ಮಾವನವರು ಪಾರಾಯಣಕ್ಕೆ ಇಟ್ಟುಕೊಂಡಿದ್ದ ವ್ಯಾಸಪೀಠ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅದಕ್ಕೋ ಏನೋ, ಮೊದಲ ಸಲ ಬಟನ್ ಮುಟ್ಟಿದ ಅತ್ತೆ ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. ನಮ್ಮನೆಯವರು ನಕ್ಕರು. ಅತ್ತೆಗೂ ಅರ್ಧ ಬಾಯಿಯಲ್ಲಿ ನಗು ಬಂತು.

ಸೋಮವಾರ ಆಫೀಸಿನಲ್ಲಿ ಫೋನು ಕುಯ್ಯೆಂದಿತು. "ಅತ್ತೆ: ನೀರು." ನಾನು ತಕ್ಷಣ ಮನೆಗೆ ಫೋನ್ ಮಾಡಿ, ಅಮ್ಮನಿಗೆ ನೀರು ಬೇಕಂತೆ ಕೊಡು ಎಂದೆ. "ಅಯ್ಯ ಅಕ್ಕಾರ, ನಾ ಇಲ್ಲೇ ಬಾಜೂಕ ಕುಂತೀನಲ್ರಿ!" ಎಂದಳು ಆಕೆ. ಮಂಚದಿಂದ ಹೊರಟ ಮಾತು ಯಾವುದೋ ಊರಿನ ಸರ್ವರಿಗೆ ಹೋಗಿ, ಅಲ್ಲಿಂದ ಬಿಟಿಎಂಗೆ ಬಂದು, ಮತ್ತೆ ಜರಗನಹಳ್ಳಿಗೆ ಹೋಗಿ ಪಕ್ಕದ ಕುರ್ಚಿಗೆ ಮುಟ್ಟಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಕಾಫಿ ಮಷೀನಿನ ಹತ್ತಿರ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ನಮ್ಮ ಟೀಮಿನ ಹುಡುಗ ಗಾಬರಿಯಿಂದ, "ಏನಾಯ್ತು ಮೇಡಂ? ಲೇಆಫಾ?" ಎಂದ. "ನಮ್ಮತ್ತೆ ನೀರು ಕೇಳಿದ್ರು ಕಣೋ" ಎಂದೆ.

ಒಂದೇ ತೊಂದರೆ ಇತ್ತು. ಬಟನ್ ಒತ್ತಿದ ಮೇಲೆ ಪರದೆ ಬೆಳ್ಳಗಾಗಿ ಮತ್ತೆ ಹಾಗೇ ಬರುತ್ತಿತ್ತು, ತನ್ನ ಮಾತು ಮುಟ್ಟಿತೋ ಇಲ್ಲವೋ ಅತ್ತೆಗೆ ತಿಳಿಯುತ್ತಿರಲಿಲ್ಲ. ಮೇಲಿಂದ ಮೇಲೆ ಒತ್ತುತ್ತಿದ್ದರು. ಅದಕ್ಕೆ ನನ್ನ ದನಿ ರೆಕಾರ್ಡ್ ಮಾಡಿ ಹಾಕಿದೆ. ಸರ್ವರಿನಿಂದ ನನ್ನ ಫೋನಿಗೆ ಸುದ್ದಿ ಹೊರಟ ಮೇಲೆ, ವಾಪಸ್ಸು ಬಂದ ಪುಟ ಅತ್ತೆಗೆ ಹೇಳುತ್ತಿತ್ತು: "ಬಂದೆ ಅತ್ತೆ, ಒಂದ್ನಿಮಿಷ." ಮದುವೆಯಾದಾಗಿನಿಂದ ಅಡುಗೆಮನೆಯಿಂದ ಅವರಿಗೆ ಕೂಗಿ ಹೇಳುತ್ತಿದ್ದದ್ದು ಅದನ್ನೇ. ರೆಕಾರ್ಡ್ ಮಾಡುವಾಗಲೂ ಅಡುಗೆಮನೆಯಲ್ಲೇ ನಿಂತಿದ್ದೆ. ಹಿಂದೆ ಕುಕ್ಕರಿನ ಸದ್ದು ಸ್ವಲ್ಪ ಕೇಳುತ್ತದೆ. ಅದನ್ನು ಕೇಳಿದ ಮೇಲೆ ಅತ್ತೆ ಒಂದೇ ಸಲ ಒತ್ತಿ ಕಾಯುವುದನ್ನು ಕಲಿತರು.

ಆ ವಾರವೇ ಒಂದು ಮಧ್ಯಾಹ್ನ ಫೋನು ಸದ್ದೇ ಮಾಡಲಿಲ್ಲ. ಸರ್ವರು ಬಿದ್ದಿರಬೇಕೆಂದು ನೋಡಿದೆ, ಚೆನ್ನಾಗಿತ್ತು. ಕೋಡಿನಲ್ಲಿ ತಪ್ಪಿದೆಯೇ ಎಂದು ಸಾಲು ಸಾಲಾಗಿ ಓದಿದೆ. ಕಂಪನಿಯ ಕೆಲಸ ಬಿಟ್ಟು ತಲೆ ಕೆರೆದುಕೊಂಡು ಕೂತು, ಕೊನೆಗೆ ಮನೆಗೆ ಫೋನ್ ಮಾಡಿದರೆ ವೈಫೈ ಡಬ್ಬಿ ಆಫ್ ಆಗಿತ್ತು. ಅತ್ತೆಯನ್ನು ವೀಲ್‌ಚೇರಿನಲ್ಲಿ ಕೂರಿಸಿ ಹಿತ್ತಲಿನ ಬಿಸಿಲಿಗೆ ಕರೆದುಕೊಂಡು ಹೋಗುವಾಗ ಅವರು ಡಬ್ಬಿಯ ಕಡೆ ಕೈ ತೋರಿಸಿ ತ-ತ ಎಂದಿದ್ದರಂತೆ. "ಆರ್ಸು ಅಂದ್ರು, ಆರಿಸೀನ್ರಿ" ಎಂದಳು ಆಕೆ. ರೂಮು ಬಿಟ್ಟು ಹೋಗುವಾಗ ದೀಪ ಉರಿಯಬಾರದಲ್ಲ! ಮಾತು ಹೋದರೂ ಬುದ್ಧಿ ಬಿಟ್ಟಿಲ್ಲ ನಮ್ಮತ್ತೆ ಎಂದು ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಸಂಜೆ ಅವರ ಪಕ್ಕ ಕೂತು ಹೇಳಿದೆ, "ಇದೊಂದನ್ನ ಆರಿಸ್ಬೇಡಿ ಅತ್ತೆ. ನಿಮ್ಮ ಮಾತು ನನ್ನ ಹತ್ರ ಬರೋದು ಇದ್ರಲ್ಲೇ." ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದರು. ಆಮೇಲೆ ಆ ಹಸಿರು ದೀಪಗಳು ಹಗಲೂ ರಾತ್ರಿ ಉರಿದವು. ನಮ್ಮನೆಯಲ್ಲಿ ಅತ್ತೆ ಉರಿಯಲು ಬಿಟ್ಟ ದೀಪ ಅದೊಂದೇ.

ಆಮೇಲೆ ಕೆಂಪು ಶುರುವಾಯಿತು.

ಸ್ವಾಧೀನ ತಪ್ಪಿದ ಬಲಗೈಯಲ್ಲಿ ನೋವು. ಎತ್ತಲು ಬಾರದ, ಮುಟ್ಟಿದರೆ ತಿಳಿಯದ ಕೈಯಲ್ಲಿ ಇಂಥಾ ನೋವು ಎಲ್ಲಿಂದ ಬರಬೇಕು? ಜಯನಗರದ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೈಯಲ್ಲಿ ಏನೂ ಆಗಿಲ್ಲ, ನೋವು ತಲೆಯಲ್ಲೇ ಹುಟ್ಟುತ್ತಿದೆ, ಸ್ಟ್ರೋಕ್ ಆದ ಕೆಲವರಿಗೆ ಹೀಗೆ ಬರುತ್ತದೆ ಎಂದರು. ಒಂದು ಮಾತ್ರೆ ಕೊಟ್ಟರು, ನೋವು ಜಗ್ಗಲಿಲ್ಲ. ಇನ್ನೊಂದು ಕೊಟ್ಟರು, ಅತ್ತೆ ದಿನವಿಡೀ ತೂಕಡಿಸಿ ಊಟ ಬಿಟ್ಟರು. ಅದನ್ನು ನಿಲ್ಲಿಸಿ ಮೂರನೆಯದು. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, "ಇದ್ರ ಜೊತೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಾಗುತ್ತೆ ಮೇಡಂ" ಎಂದರು. ಅತ್ತೆ ಅಲ್ಲೇ ವೀಲ್‌ಚೇರಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಎಲ್ಲ ಅರ್ಥವಾಗುತ್ತದೆ ಎಂದು ನಾನು ಮೊದಲೇ ಹೇಳಿದ್ದೆ, ಡಾಕ್ಟರಿಗೆ ಮರೆತಿತ್ತು.

ಫೋನಿನಲ್ಲಿ ನೀರು, ಬಾತ್‌ರೂಮು ಕಡಿಮೆಯಾಗಿ ಕೆಂಪೇ ಹೆಚ್ಚಾಯಿತು. ಮೀಟಿಂಗಿನಲ್ಲಿ ಯಾರೋ ಮಾತಾಡುತ್ತಿರುವಾಗ "ಅತ್ತೆ: ನೋವು." ಊಟದ ಡಬ್ಬಿ ಬಿಚ್ಚುವಾಗ "ಅತ್ತೆ: ನೋವು." ಎಣ್ಣೆ ಹಚ್ಚು ಎಂದು ಫೋನ್ ಮಾಡುತ್ತಿದ್ದೆ. ಬಿಸಿನೀರಿನ ಚೀಲ ಇಡು, ಮಗ್ಗುಲಾಗಿಸು, ಕೈ ಕೆಳಗೆ ದಿಂಬು ಕೊಡು ಎನ್ನುತ್ತಿದ್ದೆ. "ಎಲ್ಲಾ ಮಾಡೀನ್ರಿ ಅಕ್ಕಾರ" ಎನ್ನುವ ಆಕೆಯ ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ಹೇಳಲು ನನಗೂ ಹೊಸದೇನೂ ಉಳಿಯಲಿಲ್ಲ. ಒಂದು ದಿನ ತಡೆಯಲಾರದೆ ಮಧ್ಯಾಹ್ನವೇ ಹೊರಟೆ. ರಿಂಗ್ ರೋಡಿನಲ್ಲಿ ಬಸ್ಸು ನಿಂತಲ್ಲೇ ನಿಂತಿತ್ತು. ಕಿಟಕಿಯ ಪಕ್ಕ ಕೂತ ನನ್ನ ಕೈಯಲ್ಲಿ ಫೋನು ಮತ್ತೆ ಮತ್ತೆ ನಡುಗಿತು. ಬಸ್ಸಿನಿಂದ ಇಳಿದು ಓಡಬೇಕೆನಿಸಿತು. ಓಡಿ ಹೋಗಿ ಮಾಡುವುದೇನು ಎಂದೂ ಅನಿಸಿತು.

ಮನೆಗೆ ಬಂದು ಚಪ್ಪಲಿ ಬಿಟ್ಟು ನೇರವಾಗಿ ಅವರ ಮಂಚದ ಮೇಲೆ ಕೂತೆ. ಬಲಭುಜದ ಮೇಲೆ ಕೈಯಿಟ್ಟೆ. ಅತ್ತೆ ನನ್ನ ಮುಖ ನೋಡಿದರು. ನೋಡುತ್ತಲೇ ಎಡಗೈ ಚಾಚಿ ಕೆಂಪು ಬಟನ್ ಒತ್ತಿದರು. ಪರದೆ ಬೆಳ್ಳಗಾಯಿತು. ನನ್ನ ಮಡಿಲಲ್ಲಿದ್ದ ಫೋನು ಕುಯ್ಯೆಂದಿತು. ವ್ಯಾಸಪೀಠದ ಮೇಲಿಂದ ನನ್ನದೇ ದನಿ, ಹಿಂದೆ ಕುಕ್ಕರಿನ ಸದ್ದಿನೊಂದಿಗೆ, "ಬಂದೆ ಅತ್ತೆ, ಒಂದ್ನಿಮಿಷ" ಎಂದಿತು.

ನಾನು ಬಂದಾಗಿತ್ತು. ಪಕ್ಕದಲ್ಲೇ ಕೂತಿದ್ದೆ. ಅತ್ತೆ ಟ್ಯಾಬ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಒತ್ತಿದರು. ಮತ್ತೆ ಅದೇ ದನಿ, ಅದೇ ಕುಕ್ಕರು. ಸಿಟ್ಟಿಲ್ಲ, ಎಸೆಯುವುದಿಲ್ಲ. ಒತ್ತಿದರೆ ಬರುತ್ತೇನೆ ಎಂದಿದ್ದಳು, ಬಂದಿದ್ದಾಳೆ, ಈಗ ಏನಾದರೂ ಆಗಬೇಕಲ್ಲ ಎಂದು ಕಾಯುವವರ ಮುಖ ಅದು. ಅಂಥ ಮುಖವನ್ನು ನಾನು ಅವರಲ್ಲಿ ಯಾವತ್ತೂ ಕಂಡಿರಲಿಲ್ಲ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ, ಭುಜ ನೀವುತ್ತಾ ಕೂತೆ. ಅದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಾರನೇ ದಿನ ಆಫೀಸಿನಲ್ಲಿ ಆ ಕೆಂಪು ಬಟನ್ನಿನ ಕೋಡು ತೆರೆದಿಟ್ಟುಕೊಂಡು ಕೂತೆ. ಎರಡು ಬ್ರಾಕೆಟ್ಟು, ನಡುವೆ ನನ್ನ ಫೋನಿಗೆ ಸುದ್ದಿ ಕಳಿಸುವ ಸಾಲುಗಳು, ದನಿ ಹಾಕುವ ಸಾಲು. ಅದರ ಕೆಳಗೆ ಬೆರಳಿಟ್ಟು ಇನ್ನೇನು ಬರೆಯಲಿ ಎಂದು ನೋಡುತ್ತಿದ್ದೆ. ಜಗತ್ತಿನ ಯಾವ ಮೂಲೆಯ ಸರ್ವರಿಗೂ ನಡೆಸಲು ಬಾರದ ಒಂದು ಸಾಲು ಅಲ್ಲಿ ಬೇಕಿತ್ತು. ಪಕ್ಕದ ಹುಡುಗ ಬಗ್ಗಿ ನೋಡಿ, "ಕೋಡಲ್ಲಿ ಬಗ್ಗಾ ಮೇಡಂ? ಹೆಲ್ಪ್ ಮಾಡ್ಲಾ?" ಎಂದ. "ಇಲ್ಲಪ್ಪ, ಸರಿಯಾಗೇ ಕೆಲಸ ಮಾಡ್ತಿದೆ" ಎಂದೆ. ಅವನು ಹೋದ ಮೇಲೆ ಆ ಕಿಟಕಿ ಮುಚ್ಚಿದೆ. ಬಟನ್ ತೆಗೆದುಬಿಡಲೇ ಎಂದೂ ಯೋಚಿಸಿದೆ. ನೋವು ಹೇಳಿಕೊಳ್ಳುವುದನ್ನು ಅವರ ಕೈಯಿಂದ ಕಿತ್ತುಕೊಳ್ಳುವುದೆಂದರೆ ಏನು? ದನಿ ಬದಲಾಯಿಸಲೇ? ಬದಲಾಯಿಸಿ ಏನೆನ್ನಲಿ, ನನ್ನ ಕೈಲಿ ಆಗಲ್ಲ ಅತ್ತೆ ಎನ್ನಲೇ? ಬೇರೆ ಏನಾದರೂ ಮಾಡಬಹುದಿತ್ತೆಂದು ತಿಳಿದವರು ಯಾರಾದರೂ ಇದ್ದರೆ ಬಂದು ಹೇಳಲಿ. ನಾನಂತೂ ಯೋಚಿಸಿ ಸೋತೆ.

ಅದಾದ ಕೆಲವು ದಿನಗಳಿಗೆ ಒಂದು ದಿನ ಬೆಳಗಿನಿಂದ ಫೋನು ಸದ್ದು ಮಾಡಲಿಲ್ಲ. ಮೊದಲು ಖುಷಿಯಾಯಿತು, ಹೊಸ ಮಾತ್ರೆ ಹಿಡಿಯಿತೇನೋ ಎಂದುಕೊಂಡೆ. ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಊಟ ಮಾಡಿದೆ. ಮಧ್ಯಾಹ್ನ ಅನುಮಾನ ಬಂದು ಸರ್ವರು ನೋಡಿದೆ, ಚೆನ್ನಾಗಿತ್ತು. ಮತ್ತೆ ಹಳೇ ಕಥೆಯೇ ಇರಬೇಕು, ಹಿತ್ತಲಿಗೆ ಹೋಗುವಾಗ ಡಬ್ಬಿ ಆರಿಸಿರುತ್ತಾರೆ ಎಂದು ನಗುತ್ತಾ ಮನೆಗೆ ಫೋನ್ ಮಾಡಿದೆ.

"ನಾ ಆರಿಸಿಲ್ರಿ ಅಕ್ಕಾರ" ಎಂದಳು ಆಕೆ. "ಅಮ್ಮಾರೇ ಆರಿಸ್ಯಾರ್ರಿ. ಮಂಚದ ಅಂಚಿಗೆ ಸರದು, ಎಡಗೈ ಚಾಚಿ. ಹಚ್ಚಲೇನ್ರಿ ಅಂದ್ರ ಬ್ಯಾಡಂತ ತಲಿ ಅಲ್ಲಾಡಿಸಿದ್ರು."

ಸಂಜೆ ಬಂದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಡಬ್ಬಿಯಲ್ಲಿ ದೀಪವಿರಲಿಲ್ಲ, ಟ್ಯಾಬ್ ಕಪ್ಪಗಿತ್ತು. "ಯಾಕತ್ತೆ?" ಎಂದು ಕೇಳಿ ಸ್ವಿಚ್ಚು ಹಾಕಿದೆ. ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. ತಿರುಗಲು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಎಡಗೈಯನ್ನು ಎದೆಯ ಮೇಲಿಂದ ದಾಟಿಸಿ, ಸ್ವಿಚ್ ಬೋರ್ಡಿನ ತನಕ ಚಾಚಿ, ಮತ್ತೆ ಆರಿಸಿದರು. ನನ್ನನ್ನು ನೋಡಿದರು. ಮಾತಿಲ್ಲದಿದ್ದರೂ ನನಗೆ ಕೇಳಿಸಿತು, ಗೇಟಿನ ಹತ್ತಿರ ನಿಂತು ಮೂರು ಮಹಡಿಗೆ ಕೇಳುವ ಹಾಗೆ ಕೂಗುತ್ತಿದ್ದ ಅದೇ ಮಾತು. ಯಾರಿಗೆ ಉರಿಯುತ್ತಿದೆ ಇದು?

ಅದು ಕೆಲಸ ಮಾಡ್ತಿದೆ ಅತ್ತೆ, ನಿಮಗೆ ಕಾಣಲ್ಲ ಅಷ್ಟೇ ಎಂದು ಈ ಸಲ ನನ್ನ ಬಾಯಿಂದ ಬರಲಿಲ್ಲ.

ಮತ್ತೆ ಅವರು ಯಾವ ಬಟನ್ನನ್ನೂ ಮುಟ್ಟಲಿಲ್ಲ, ನೀರಿಗೂ ಇಲ್ಲ. ಕೊಟ್ಟಾಗ ಕುಡಿಯುತ್ತಾರೆ. ಆ ಹೆಂಗಸು ಕೇಳಿದ ಪ್ರಶ್ನೆಗಳಿಗೆಲ್ಲ ತಲೆಯಾಡಿಸುತ್ತಾರೆ. ಏನನ್ನೂ ಎಸೆಯುವುದಿಲ್ಲ, ತ-ತ ಕೂಡ ಇಲ್ಲ. ಸರ್ವರಿನಲ್ಲಿ ಆ ಪುಟ ಇನ್ನೂ ಇದೆ. ತೆಗೆಯಲು ಮನಸ್ಸು ಬಂದಿಲ್ಲ.

ಮೊನ್ನೆ ಭಾನುವಾರ ನಾದಿನಿಯ ಫೋನು ಬಂದಿತ್ತು. ಅಮ್ಮ ಹೇಗಿದ್ದಾಳೆ ಎಂದು ಕೇಳಿರಬೇಕು. ನಮ್ಮನೆಯವರು ಹಾಲಿನಲ್ಲಿ ಓಡಾಡುತ್ತಾ, "ಈಗ ಎಷ್ಟೋ ವಾಸಿ ಕಣೆ. ನೋವೂ ಕಡಿಮೆಯಾದಂಗಿದೆ. ಯಾರನ್ನೂ ಕರೆಯೋದೇ ಇಲ್ಲ" ಎಂದರು. ಹೇಳುವಾಗ ಅವರ ಮುಖದಲ್ಲಿ ನಿಜವಾದ ಸಮಾಧಾನವಿತ್ತು, ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಮಂಚದ ಹತ್ತಿರ ಹೋದೆ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಪಕ್ಕದಲ್ಲಿ ಕೂತೆ. ಕಣ್ಣು ತೆರೆದು ನನ್ನನ್ನು ನೋಡಿ, ಹಿಡಿದಿದ್ದ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡರು.